ಹತ್ತನೆಯ ಕೊಟ್ರೇಶ

ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಹಡಿಯಲ್ಲಿ ಇಪ್ಪತ್ತಾರು ಸಂಶೋಧನಾ ವಿದ್ಯಾರ್ಥಿಗಳು ಕುಳಿತಿದ್ದರು. ಪರದೆಯ ಮೇಲೆ ಇದ್ದದ್ದು ಗೀತಾಂಜಲಿಯ ಫೈಲು. ಆರುನೂರ ನಲವತ್ತು ಸಾಲು. ಒಂದು ಸಾಲು ಅಂದರೆ ಒಂದು ಮನೆ. ಸಂಶೋಧನೆಯ ದತ್ತಾಂಶವನ್ನು ಹೇಗೆ ಪರಿಶೀಲಿಸಬೇಕು, ಹೇಗೆ ಕಾಪಾಡಬೇಕು ಎಂದು ಕಲಿಸುವ ಮೂರು ದಿನಗಳ ಕಾರ್ಯಾಗಾರದ ಮೊದಲ ಮಧ್ಯಾಹ್ನ ಅದು. ಉಪ ಗ್ರಂಥಪಾಲಕಿ ನಜಮುನ್ನೀಸಾ ಒಂದು ಗುಂಡಿ ಒತ್ತಿದರು. ಹೆಸರು ಮತ್ತು ಊರು ಎರಡೂ ಒಂದೇ ಆಗಿದ್ದ ಸಾಲುಗಳೆಲ್ಲ ಹಳದಿಯಾದವು. ಎಂಬತ್ತೇಳು ಸಾಲು.

"ಏನವಾ ಇದು?" ಎಂದರು ನಜಮುನ್ನೀಸಾ. "ಜೋಡಿಹುಣಸಿ ಅನ್ನೋ ಒಂದೇ ಊರಾಗ ಹತ್ತು ಮಂದಿ ಕೊಟ್ರೇಶ? ನಾನೂ ಹಡಗಲಿಯಾಕಿ. ಓಣಿಗೆ ಮೂರು ಮೈಲಾರಪ್ಪಗಳನ್ನ ನೋಡೀನಿ. ಆದ್ರ ಹತ್ತು?"

"ಕಾಪಿ ಪೇಸ್ಟ್ ಮೇಡಂ!" ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಕೋಣೆ ನಕ್ಕಿತು.

ಗೀತಾಂಜಲಿ ಎದ್ದು ನಿಂತಳು. "ಕಾಪಿ ಅಲ್ಲರಿ. ಕೊಟ್ಟೂರು ಬಸ್‌ಸ್ಟ್ಯಾಂಡಿನಾಗ ನಿಂತು ಒಮ್ಮೆ 'ಕೊಟ್ರೇಶಾ' ಅಂತ ಕೂಗಿ ನೋಡ್ರಿ. ಡ್ರೈವರ್ ಹೊಳ್ಳಿ ನೋಡ್ತಾನ, ಕಂಡಕ್ಟರ್ ಹೊಳ್ಳಿ ನೋಡ್ತಾನ, ಟಿಕೆಟ್ ತಗೊಂಡು ಕುಂತವರಾಗ ಅರ್ಧ ಮಂದಿ ಇಳದ ಬರ್ತಾರ. ದೇವರ ಹೆಸರು, ಅಜ್ಜನ ಹೆಸರು, ಎಲ್ಲಾ ಒಂದ. ನಮ್ಮ ಕಡೆ ಡೂಪ್ಲಿಕೇಟ್ ತೆಗೀರಿ ಅಂದ್ರ ಊರೇ ಖಾಲಿ ಆಗ್ತೈತಿ."

ಈ ಸಲ ನಗುವಿನ ಜೊತೆ ಚಪ್ಪಾಳೆಯೂ ಬಿತ್ತು. ನಜಮುನ್ನೀಸಾ ನಕ್ಕರು, ಆದರೆ ಕೈ ಮೌಸಿನ ಮೇಲೇ ಇತ್ತು. ಫೈಲನ್ನು ಬಲಕ್ಕೆ ಸರಿಸಿದರು. ಹತ್ತು ಕೊಟ್ರೇಶರ ಉತ್ತರಗಳು ಕಾಣಿಸಿದವು. ಕುಡಿಯಲು ಶುದ್ಧ ನೀರಿನ ಘಟಕದ ನೀರು. ದಿನಕ್ಕೆ ಎರಡು ಕ್ಯಾನ್. ಕಳೆದ ಆರು ತಿಂಗಳಲ್ಲಿ ಘಟಕ ಕೆಟ್ಟಿದೆಯೇ? ಇಲ್ಲ. ಹತ್ತರಲ್ಲೂ ಅದೇ.

"ಹೆಸರು ಒಂದ ಇರ್ಲಿ, ಬಿಡು. ಉತ್ತರಾನೂ ಒಂದ?"

"ಒಂದೇ ನಳದ ನೀರು ಕುಡಿಯೋರು ಬ್ಯಾರೆ ಏನ್ ಹೇಳ್ತಾರ್ರಿ ಮೇಡಂ?"

ನಜಮುನ್ನೀಸಾ ಪ್ರೊಜೆಕ್ಟರ್ ಆರಿಸಿದರು. "ಮಂದಿ ಹೆಸರು ಹಿಂಗ ಪರದೆ ಮ್ಯಾಲೆ ಹಾಕಬಾರದಿತ್ತು. ಅದು ನನ್ನ ತಪ್ಪು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಚಹಾದ ವೇಳೆಗೆ ಗೀತಾಂಜಲಿಯ ಪಕ್ಕ ಬಂದು ನಿಂತರು. "ಆ ಹಳದಿ ಸಾಲುಗಳನ್ನ ಅಳಸಬ್ಯಾಡ. ಹಂಗಂತ ಸುಮ್ಮನ ಇಟ್ಕೊಂಡೂ ಕೂಡಬ್ಯಾಡ. ಆ ಫಾರ್ಮ್ ತುಂಬಿದವರು ಯಾರು?"

"ನಮ್ಮ ಚಿಕ್ಕಪ್ಪ ಅದಾರ್ರಿ. ರಿಟೈರ್ಡ್ ಹೆಡ್‌ಮಾಸ್ತರು."

"ಅದಕ್ಕೊಂದು ಕಾಲಂ ಹಾಕು. ಯಾರು ತುಂಬಿದ್ರು, ಯಾವ ತಾರೀಖು. ನಾಳೆ ನೋಡೂಣು."

ಗೀತಾಂಜಲಿಗೆ ಮೂವತ್ತನಾಲ್ಕು ವರ್ಷ. ಮನೆ ಕೊಟ್ಟೂರಿನಲ್ಲಿ, ಕೆಲಸ ಹಗರಿಬೊಮ್ಮನಹಳ್ಳಿಯ ಒಂದು ಪದವಿ ಕಾಲೇಜಿನಲ್ಲಿ, ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿ. ಪಿಎಚ್‌ಡಿಗೆ ನೋಂದಾಯಿಸಿ ಆರನೆಯ ವರ್ಷ ನಡೆಯುತ್ತಿತ್ತು. ಎರಡು ಬಾರಿ ಅವಧಿ ವಿಸ್ತರಣೆ ಸಿಕ್ಕಿತ್ತು, ಮೂರನೆಯದು ನಿಯಮದಲ್ಲಿ ಇರಲಿಲ್ಲ. ಸೆಪ್ಟೆಂಬರ್ ಮೂವತ್ತರ ಸಂಜೆ ಐದರೊಳಗೆ ಪ್ರಬಂಧ ಸಲ್ಲಿಸದಿದ್ದರೆ ನೋಂದಣಿ ರದ್ದಾಗುತ್ತಿತ್ತು. ಕಾರ್ಯಾಗಾರ ಶುರುವಾದದ್ದು ಒಂಬತ್ತರಂದು.

ಆಕೆ ಹಿಡಿದಿದ್ದ ಪ್ರಶ್ನೆ ಸರಳವಾಗಿತ್ತು. ಹಳ್ಳಿಯ ಶುದ್ಧ ನೀರಿನ ಘಟಕ ಕೆಟ್ಟು ನಿಂತ ದಿನಗಳಲ್ಲಿ ಮನೆಯವರು ಯಾವ ನೀರು ಕುಡಿಯುತ್ತಾರೆ? ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳಲ್ಲಿ ಆರುನೂರು ಮನೆಗಳಿಗೆ ಕಡಿಮೆಯಿಲ್ಲದಂತೆ ಸಮೀಕ್ಷೆ ಮಾಡುವುದೆಂದು ಸಮಿತಿ ಒಪ್ಪಿತ್ತು. ಹೆಚ್ಚಿನದನ್ನು ಆಕೆ ತಾನೇ ಮಾಡಿದ್ದಳು. ಸ್ಕೂಟರಿನ ಡಿಕ್ಕಿಯಲ್ಲಿ ನಮೂನೆಗಳ ಕಟ್ಟು, ಒಂದು ಬಾಟಲಿ ನೀರು, ಒಂದು ಜೊತೆ ಹೆಚ್ಚಿನ ಚಪ್ಪಲಿ. ಒಂದು ಮನೆಗೆ ಇಪ್ಪತ್ತೈದು ನಿಮಿಷ. ಒಂದು ದಿನಕ್ಕೆ ಅತಿ ಹೆಚ್ಚೆಂದರೆ ಒಂಬತ್ತು ಮನೆ, ಅದೂ ಒಂದೇ ಒಂದು ಸಲ, ಹರಪನಹಳ್ಳಿ ಹತ್ತಿರದ ಹಳ್ಳಿಯೊಂದರಲ್ಲಿ ಎಲ್ಲರೂ ಯಾರದೋ ತೊಟ್ಟಿಲ ಕಾರ್ಯಕ್ಕೆ ಸೇರಿದ್ದರಿಂದ.

ಕಳೆದ ವರ್ಷದ ಏಪ್ರಿಲ್‌ನಲ್ಲಿ ಸ್ಕೂಟರ್ ಜಾರಿ ಬಿದ್ದು ಕಾಲಿನ ಕೀಲು ಮುರಿಯಿತು. ಆರು ವಾರ ಪ್ಲಾಸ್ಟರ್. ಉಳಿದಿದ್ದದ್ದು ಕೊಟ್ಟೂರು ತಾಲ್ಲೂಕಿನ ಮೂರು ಹಳ್ಳಿ, ನೂರ ಹದಿನೆಂಟು ಮನೆ. "ಕೊಡಿಲ್ಲೆ ನನ್ನ ಕೈಯಾಗ" ಎಂದವರು ಚಿಕ್ಕಪ್ಪ ಗುರುಬಸವರಾಜ ಮಾಸ್ತರು. ಆಗ ಅವರಿಗೆ ಅರವತ್ತೇಳು. ಗೀತಾಂಜಲಿಗೆ ಹತ್ತು ವರ್ಷವಿದ್ದಾಗ ತಂದೆ ತೀರಿಕೊಂಡ ಮೇಲೆ ಮನೆಯ ಹಿರಿಯರು ಅವರೇ. ಜನಗಣತಿ, ಜಾನುವಾರು ಗಣತಿ, ಮತದಾರರ ಪಟ್ಟಿ, ಶಾಲೆ ಬಿಟ್ಟ ಮಕ್ಕಳ ಪಟ್ಟಿ, ಸರಕಾರ ಎಣಿಸು ಎಂದದ್ದನ್ನೆಲ್ಲ ಮೂವತ್ತೆರಡು ವರ್ಷ ಎಣಿಸಿದವರು. ಜೋಡಿಹುಣಸೆಯ ಶಾಲೆಯಲ್ಲೇ ಹದಿನಾಲ್ಕು ವರ್ಷ ಪಾಠ ಹೇಳಿದ್ದರು. ಒಂಬತ್ತು ದಿನಗಳಲ್ಲಿ ನೂರ ಹದಿನೆಂಟು ನಮೂನೆಗಳನ್ನು ತಂದು ಮಂಚದ ಮೇಲಿಟ್ಟರು. ಒಂದು ಗೀಟಿಲ್ಲ, ಒಂದು ತಿದ್ದುಪಡಿಯಿಲ್ಲ, ಒಂದೊಂದು ಅಕ್ಷರವೂ ಗುಂಡಗೆ. ಆಕೆ ಹೆಮ್ಮೆಯಿಂದ ಅವನ್ನು ಕಂಪ್ಯೂಟರಿಗೆ ಏರಿಸಿದಳು.

ಪ್ರಬಂಧದ ಐದನೆಯ ಅಧ್ಯಾಯ ನಿಂತದ್ದು ಆ ನಮೂನೆಗಳ ಮೇಲೆ. ಐದು ತಾಲ್ಲೂಕುಗಳಲ್ಲಿ ಕೊಟ್ಟೂರು ಎಲ್ಲಕ್ಕಿಂತ ಮುಂದಿದೆ. ಅಲ್ಲಿ ಘಟಕಗಳು ನಿಲ್ಲುವುದಿಲ್ಲ, ಜನ ಹಳೆಯ ಕೊಳವೆಬಾವಿಗೆ ಮರಳುವುದಿಲ್ಲ. ಮಾರ್ಗದರ್ಶಕರಿಗೆ ಬಹಳ ಹಿಡಿಸಿದ್ದು ಆ ಅಧ್ಯಾಯವೇ.

ಎರಡನೆಯ ದಿನ ಆಕೆ ಎರಡು ಕಾಲಂ ಸೇರಿಸಿದಳು. ಎಂಬತ್ತೇಳು ಹಳದಿ ಸಾಲುಗಳಲ್ಲಿ ಅರವತ್ತೊಂದರ ಮುಂದೆ ಚಿಕ್ಕಪ್ಪನ ಹೆಸರು ಬಂತು. ಅವರು ತುಂಬಿದ್ದು ಒಟ್ಟು ಮನೆಗಳಲ್ಲಿ ಐದನೆಯ ಒಂದು ಪಾಲೂ ಅಲ್ಲ. ಕೊಟ್ಟೂರಿನ ಕಡೆಯ ಹೆಸರುಗಳೇ ಹಾಗೆ ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ತಾರೀಖು ನೋಡಿದಳು. ಜೋಡಿಹುಣಸೆಯ ನಲವತ್ತಾರು ನಮೂನೆಗಳು ಏಪ್ರಿಲ್ ಇಪ್ಪತ್ತೆರಡು ಮತ್ತು ಇಪ್ಪತ್ತಮೂರರಂದು ತುಂಬಿದವು. ದಿನಕ್ಕೆ ಇಪ್ಪತ್ತಮೂರು. ಪಕ್ಕದ ಹಾಳೆಯ ಮೇಲೆ ಗುಣಿಸಿದಳು. ಇಪ್ಪತ್ತಮೂರು ಮನೆಗೆ ಇಪ್ಪತ್ತೈದು ನಿಮಿಷದಂತೆ ಒಂಬತ್ತೂವರೆ ಗಂಟೆ. ಒಂದು ಮನೆಯಿಂದ ಇನ್ನೊಂದಕ್ಕೆ ನಡೆಯುವುದು ಅದರಲ್ಲಿಲ್ಲ, ಊಟವಿಲ್ಲ, ಏಪ್ರಿಲ್‌ನ ಬಿಸಿಲಿಲ್ಲ.

ನಜಮುನ್ನೀಸಾ ಸುತ್ತು ಹಾಕುತ್ತಾ ಹಿಂದೆ ಬಂದು ನಿಂತಾಗ ಗೀತಾಂಜಲಿ ಹಾಳೆಯನ್ನು ಮಗುಚಿ ಇಟ್ಟಳು.

"ಏನ್ ಸಿಕ್ತು?"

"ಏನಿಲ್ಲರಿ ಮೇಡಂ. ನೋಡಾಕತ್ತೀನಿ."

ಮೂರನೆಯ ದಿನದ ಪಾಠ ಹೆಸರು ಮರೆಮಾಡುವುದು. ಫೈಲನ್ನು ಗ್ರಂಥಾಲಯದ ಭಂಡಾರಕ್ಕೆ ಕೊಡುವ ಮೊದಲು ಹೆಸರುಗಳ ಜಾಗದಲ್ಲಿ ಸಂಖ್ಯೆ ಹಾಕಬೇಕು. ಯಾರಿಗೆ ಯಾವ ಸಂಖ್ಯೆ ಎಂಬ ಪಟ್ಟಿಯನ್ನು ಬೇರೆ ಇಟ್ಟು ಬೀಗ ಹಾಕಬೇಕು. "ಆ ಪಟ್ಟಿ ನಿಮ್ಮನ್ನ ಬಿಟ್ಟು ಯಾರೂ ನೋಡಂಗಿಲ್ಲ. ಗೈಡೂ ಇಲ್ಲ, ಪರೀಕ್ಷಕರೂ ಇಲ್ಲ, ನಾನೂ ಇಲ್ಲ" ಎಂದರು ನಜಮುನ್ನೀಸಾ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಗೀತಾಂಜಲಿ ಮೊದಲ ದಿನ ಕಲಿತ ಗುಂಡಿಯನ್ನು ಮತ್ತೊಮ್ಮೆ ಒತ್ತಿ ನೋಡಿದಳು. ಒಂದು ಸಾಲೂ ಹಳದಿಯಾಗಲಿಲ್ಲ. ಹತ್ತು ಕೊಟ್ರೇಶರು ಹತ್ತು ಬೇರೆ ಬೇರೆ ಅಂಕಿಗಳಾಗಿದ್ದರು. ಇನ್ನು ಯಾರು ಹುಡುಕಿದರೂ ಸಿಗುವಂತಿರಲಿಲ್ಲ.

ಪ್ರಮಾಣಪತ್ರ ತೆಗೆದುಕೊಂಡು ಬಸ್ಸು ಹಿಡಿದಳು. ಉಳಿದದ್ದು ಹತ್ತೊಂಬತ್ತು ದಿನ. ಅಧ್ಯಾಯಗಳೆಲ್ಲ ಸಿದ್ಧವಿದ್ದವು. ಬರೀ ಮುದ್ರಿಸುವುದಿತ್ತು.

ಮನೆಯಲ್ಲಿ ಚಿಕ್ಕಪ್ಪ ಊಟಕ್ಕೆ ಕುಳಿತಿದ್ದರು. "ಮೂರು ದಿನ ಏನ್ ಕಲಿಸಿದ್ರವಾ ಅಲ್ಲಿ?"

"ಡೇಟಾ ಹಸನ ಮಾಡೋದು ಹ್ಯಾಂಗ ಅಂತ."

"ಹಸನ ಮಾಡೋದಾ?" ಅವರು ರೊಟ್ಟಿ ಮುರಿಯುತ್ತಾ ನಕ್ಕರು. "ನಾ ತಂದಿದ್ದರಾಗ ಹಸನ ಮಾಡೂದೇನೈತಿ? ಒಂದು ಕಲ್ಲಿಲ್ಲ ಅದರಾಗ."

ಗೀತಾಂಜಲಿ ತಟ್ಟೆ ಹಾಕಿಕೊಂಡು ಊಟಕ್ಕೆ ಕುಳಿತಳು. ಶುಕ್ರವಾರ ಕಾಲೇಜಿಗೆ ಹೋದಳು. ಶನಿವಾರವೂ ಹೋದಳು. ಭಾನುವಾರ ಬೆಳಿಗ್ಗೆ, ಗೆಳತಿಯ ಮನೆಗೆಂದು ಹೇಳಿ, ಜೋಡಿಹುಣಸೆಯ ನಲವತ್ತಾರು ನಮೂನೆಗಳನ್ನು ಡಿಕ್ಕಿಗೆ ಹಾಕಿಕೊಂಡು ಹೊರಟಳು.

ರಾತ್ರಿಯ ಮಳೆಗೆ ರಸ್ತೆ ಕೆಸರಾಗಿತ್ತು. ಎರಡೂ ಬದಿ ಮೆಕ್ಕೆಜೋಳ ಆಳೆತ್ತರ ನಿಂತಿತ್ತು. ನೀರಿನ ಘಟಕ ಊರಿನ ಆಚೆ ತುದಿಗೆ, ಪಂಚಾಯಿತಿ ಕಟ್ಟಡದ ಮಗ್ಗುಲಲ್ಲಿತ್ತು. ಅದನ್ನು ನೋಡಿಕೊಳ್ಳುವ ಓಬಳೇಶ ಶಟರ್ ಎತ್ತಿ ಸ್ಟೂಲಿನ ಮೇಲೆ ಕುಳಿತಿದ್ದ. ನಾಲ್ಕೈದು ಹೆಂಗಸರು ಸಾಲಿನಲ್ಲಿದ್ದರು. ಗೀತಾಂಜಲಿ ತಾನು ಯಾರೆಂದು ಹೇಳಿದಳು.

"ಓ, ಗುರುಬಸವರಾಜ ಮಾಸ್ತರ ಅಣ್ಣನ ಮಗಳಾ? ಬರ್ರಿ, ಕುಂದರ್ರಿ. ಯಾರು ಬೇಕಾಗಿತ್ರಿ?"

"ಕೊಟ್ರೇಶ ಅನ್ನೋರು."

ಸಾಲಿನಲ್ಲಿದ್ದ ಹೆಂಗಸರು ಕಿಸಕ್ಕನೆ ನಕ್ಕರು. "ಯಾವ ಕೊಟ್ರೇಶ ಅಂತ ಹೇಳ್ರಿ ಮೊದಲ" ಎಂದ ಓಬಳೇಶ. "ಇಲ್ಲಿ ಕೊಟ್ರೇಶಗಳ ಗೋದಾಮೇ ಐತಿ."

"ಎಲ್ಲಾರನ್ನೂ ಹೇಳಿ. ಎಣಿಸ್ತೀನಿ."

ಓಬಳೇಶ ಬೆರಳು ಮಡಿಸತೊಡಗಿದ. "ಗಿರಣಿ ಕೊಟ್ರೇಶ. ಟೇಲರ್ ಕೊಟ್ರೇಶ. ಮೀಸಿ ಕೊಟ್ರೇಶ. ಮಿಲಿಟ್ರಿ ಕೊಟ್ರೇಶ."

"ಮಿಲಿಟ್ರಿಗೆ ಹೋಗಿದ್ರೇನು?"

"ಎಲ್ಲಿ ಮಿಲಿಟ್ರಿ ತರ್ರಿ. ಆ ಪ್ಯಾಂಟ್ ಹಾಕ್ತಾನ ಅಷ್ಟ. ಆಮ್ಯಾಲೆ ಜೇಸೀಬಿ ಕೊಟ್ರೇಶ, ಕುಳ್ಳ ಕೊಟ್ರೇಶ, ಉಳ್ಳಾಗಡ್ಡಿ ಕೊಟ್ರೇಶ, ಎಮ್ಮಿ ಕೊಟ್ರೇಶ, ಕೆಳಗಿನಮನಿ ಕೊಟ್ರೇಶ. ಒಂಬತ್ತು."

"ನನ್ನ ಹತ್ರ ಹತ್ತು ಅದಾವ."

ಅವನು ಇನ್ನೊಂದು ಕೈಯಿಂದ ಮೊದಲಿನಿಂದ ಎಣಿಸಿದ. ಮತ್ತೆ ಒಂಬತ್ತು. "ಹತ್ತನೇದವ ಯಾರು? ತೋರಸ್ರಿ" ಎಂದು ಕೈ ಚಾಚಿದ. ಗೀತಾಂಜಲಿ ಒಂದೊಂದೇ ಹಾಳೆ ಕೊಟ್ಟಳು. ತಂದೆಯ ಹೆಸರು, ಓಣಿ ನೋಡಿ ಅವನು ಗುರುತು ಹಿಡಿಯುತ್ತಾ ಹೋದ. ಇದು ಗಿರಣಿ, ಇದು ಎಮ್ಮಿ, ಇದು ಕುಳ್ಳ. ಏಳನೆಯ ಹಾಳೆಯನ್ನು ಎರಡು ಸಲ ಓದಿದ. ತಂದೆ ಚನ್ನಬಸಪ್ಪ, ಅಗಸಿ ಓಣಿ, ವಯಸ್ಸು ನಲವತ್ತೇಳು, ಮನೆಯಲ್ಲಿ ಐದು ಜನ. ಓಬಳೇಶ ಹಾಳೆಯಿಂದ ತಲೆಯೆತ್ತಿ ಗೀತಾಂಜಲಿಯನ್ನು ನೋಡಲಿಲ್ಲ. ಸಾಲಿನ ಕೊನೆಗೆ ನೋಡಿದ.

ಅಲ್ಲಿ ನಿಂತಿದ್ದ ಹೆಂಗಸು ಕೊಡ ಕೆಳಗಿಟ್ಟಳು. ನಲವತ್ತು ದಾಟಿದ ವಯಸ್ಸು. "ಚನ್ನಬಸಪ್ಪ ಅಂದ್ರಲ್ಲ? ಅದು ನಮ್ಮ ಮನಿ."

"ನಾಗಲಿಂಗಮ್ಮ ಅಂತ" ಎಂದ ಓಬಳೇಶ ಮೆಲ್ಲಗೆ. "ಪೇಂಟರ್ ಕೊಟ್ರೇಶನ ಹೇಣ್ತಿ. ಅವ ಕೊರೊನಾ ಎರಡನೇ ಸಲ ಬಂತಲ್ರಿ, ಆವಾಗ..."

ಯಾರೂ ನಗುತ್ತಿರಲಿಲ್ಲ.

"ಏನ್ ಬರದೀರಿ, ಓದ್ರಿ" ಎಂದಳು ನಾಗಲಿಂಗಮ್ಮ.

"ಬ್ಯಾಡ್ರಿ ಅಕ್ಕ. ತಪ್ಪಾಗೈತಿ."

"ಓದ್ರಿ. ನಮ್ಮವರು ಏನ್ ಕುಡೀತಾರಂತ ಬರದೀರಿ, ಕೇಳ್ತೀನಿ."

ಗೀತಾಂಜಲಿ ಓದಿದಳು. ಕುಡಿಯಲು ಘಟಕದ ನೀರು. ದಿನಕ್ಕೆ ಎರಡು ಕ್ಯಾನ್. ತರುವವರು ಮನೆಯ ಯಜಮಾನರು. ಘಟಕ ಕೆಟ್ಟಿಲ್ಲ.

"ಎರಡು ಕ್ಯಾನ್ ಎತ್ತೋರು ಯಾರದಾರ್ರಿ ನಮ್ಮನ್ಯಾಗ?" ನಾಗಲಿಂಗಮ್ಮನ ದನಿ ಏರಲಿಲ್ಲ. "ನಾ ಒಂದು ಕೊಡ ಒಯ್ತೀನಿ. ಇದು ಬಂದ್ ಆತಂದ್ರ ಹಳೇ ಬೋರಿಂದು. ಈಗ ಯಜಮಾನಿ ನಾನ. ನನ್ನ ಹೆಸರು ಬರಕೋರಿ."

ಗೀತಾಂಜಲಿ ಹೊಸ ಹಾಳೆ ತೆಗೆದು ಬರೆದುಕೊಂಡಳು. ಬರೆದು ಮುಗಿಸಿ ಓಬಳೇಶನನ್ನು ಕೇಳಿದಳು. "ಹೋದ ವರ್ಷ ಬ್ಯಾಸಗಿಯಾಗ ಇದು ಬಂದ್ ಆಗಿತ್ತೇನು?"

"ಆಗಿತ್ತಂದ್ರ? ಯುಗಾದಿಯಿಂದ ಶ್ರಾವಣದ ತನಕ ಶಟರ್ ಎತ್ತಿಲ್ಲರಿ. ಮೋಟರ್ ಸುಟ್ಟಿತ್ತು."

ಮಾಸ್ತರು ನಮೂನೆ ತುಂಬಿದ ದಿನ ಯುಗಾದಿ ಕಳೆದು ಎರಡು ವಾರ.

"ಚಿಕ್ಕಪ್ಪ ಬಂದಿದ್ರಲ್ಲ ಆಗ?"

"ಬಂದಿದ್ರಲ್ಲ. ಎರಡು ದಿನ ಬಂದ್ರು. ಊರ ಮುಂದ ಬಸವಣ್ಣನ ಗುಡಿ ಕಟ್ಟಿ ಐತಿ ನೋಡ್ರಿ, ಅಲ್ಲಿ ಕುಂತು ಬರದ್ರು. ಈ ಕಡೆ ಬರ್ಲಿಲ್ಲ. ನಾನ ಚಾ ಒಯ್ದು ಕೊಟ್ಟೀನಿ."

"ಯಾರ ಮನಿಗೂ ಹೋಗ್ಲಿಲ್ಲ?"

ಓಬಳೇಶನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅವರು ಯಾಕ ಹೋಗ್ಬೇಕ್ರಿ? ಅವರಿಗೆ ಊರೆಲ್ಲಾ ಗೊತ್ತು."

ಸೋಮವಾರ ಬೆಳಿಗ್ಗೆ ಗೀತಾಂಜಲಿ ಕಾಲೇಜಿಗೆ ಹೋಗಲಿಲ್ಲ. ಚಿಕ್ಕಪ್ಪ ಪಡಸಾಲೆಯಲ್ಲಿ ಪತ್ರಿಕೆ ಓದುತ್ತಿದ್ದರು. ಒಳಗೆ ತಾಯಿ ರೊಟ್ಟಿ ಬಡಿಯುತ್ತಿದ್ದಳು. ಗೀತಾಂಜಲಿ ನಮೂನೆಗಳ ಕಟ್ಟನ್ನು ಚಿಕ್ಕಪ್ಪನ ಮುಂದಿಟ್ಟಳು.

"ಜೋಡಿಹುಣಸಿಗೆ ಹೋಗಿದ್ದೆ ಚಿಕ್ಕಪ್ಪ."

"ಗೊತ್ತೈತಿ. ಓಬಳೇಶ ಫೋನ್ ಮಾಡಿದ್ದ." ಅವರು ಪತ್ರಿಕೆ ಮಡಿಸಿದರು. "ಗೆಳತಿ ಮನಿ ಅಲ್ಲಿಗೆ ಯಾವಾಗ ಬಂತವಾ?"

"ಪೇಂಟರ್ ಕೊಟ್ರೇಶ ತೀರಿಕೊಂಡು ನಾಕು ವರ್ಷ ಆತು."

ಓಬಳೇಶ ಅದನ್ನು ಹೇಳಿರಲಿಲ್ಲ. ಮಾಸ್ತರು ಹಾಳೆ ಎತ್ತಿಕೊ‍ಂಡು ನೋಡಿದರು. "ಚನ್ನಬಸಪ್ಪನ ಮಗನಾ?" "ಮೂರನೇ ಇಯತ್ತೆಯಾಗ ನನ್ನ ಕೈಯಾಗ ಕಲ್ತಾನ. ಗ್ವಾಡಿ ಮ್ಯಾಲೆ ನನ್ನ ಚಿತ್ರ ಬರದು ಏಟು ತಿಂದಿದ್ದ." ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. "ಆತು. ಒಂದು ತಪ್ಪಾತು. ಉಳಿದ ನೂರಾ ಹದಿನೇಳು ಸರಿ ಅದಾವಲ್ಲ?"

"ಘಟಕ ಬಂದ್ ಇತ್ತು ಚಿಕ್ಕಪ್ಪ. ನೀವು ಕಟ್ಟಿ ಮ್ಯಾಲೆ ಕುಂತ ದಿನಾನ ಬಂದ್ ಇತ್ತು. ಎಲ್ಲಾರೂ ಅದರ ನೀರು ಕುಡೀತಾರಂತ ಬರದೀರಿ."

"ನಾ ಸುಳ್ಳು ಬರದಿಲ್ಲ. ಕೇಳಿದ್ರ ಅವರು ಏನ್ ಹೇಳ್ತಿದ್ರೋ ಅದನ್ನ ಬರದೀನಿ."

"ಕೇಳಿಲ್ಲಲ್ಲ."

"ಕೇಳೂದೇನೈತಿ ಅದರಾಗ? ಅವರಪ್ಪಂದಿರಿಗೂ ನಾನ ಕಲಿಸೀನಿ. ಮೂವತ್ತೆರಡು ವರ್ಷ ಎಣಿಕಿ ಮಾಡೀನವಾ. ಮೊದಲ ಎರಡು ಸಲ ಮನಿ ಮನಿ ತಿರುಗೀನಿ, ನಾಯಿ ಕಡೀತು, ಇಂಜೆಕ್ಷನ್ ಮಾಡಿಸ್ಕೊಂಡೀನಿ. ಆಮ್ಯಾಲೆ ಊರೇ ಬಂದು ತಲ್ಯಾಗ ಕುಂತಿತ್ತು. ಇವತ್ತಿನ ತನಕ ಯಾರೂ ಒಂದು ತಪ್ಪು ತೋರಿಸಿಲ್ಲ."

"ಯಾರೂ ನೋಡಿಲ್ಲ, ಅದಕ."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಮೂರು ದಿನ ಲೈಬ್ರರಿಗೆ ಹೋಗಿ ಬಂದು ನನ್ನ ಪರೀಕ್ಷಾ ಮಾಡ್ತಿ?" ಮಾಸ್ತರು ಎದ್ದು ನಿಂತರು. "ಮಾಡು." ಒಳಗೆ ಹೋಗಿ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡರು. ಆ ದಿನದಿಂದ ಅವರು ಆಕೆಯೊಡನೆ ಮಾತಾಡಲಿಲ್ಲ.

ಗೀತಾಂಜಲಿ ನಜಮುನ್ನೀಸಾ ಅವರಿಗೆ ಫೋನ್ ಮಾಡಿದಳು. ಎಲ್ಲವನ್ನೂ ಹೇಳಲು ಹತ್ತು ನಿಮಿಷ ಬೇಕಾಯಿತು. ಆ ಕಡೆಯಿಂದ ಮೊದಲು ಬಂದದ್ದು ಲೆಕ್ಕ. "ನೂರಾ ಹದಿನೆಂಟು ತೆಗದ್ರ ಐನೂರಾ ಇಪ್ಪತ್ತೆರಡು ಉಳೀತಾವ. ಸಮಿತಿ ಒಪ್ಪಿದ್ದು ಆರುನೂರು. ಸಮಿತಿ ಇನ್ನ ಕೂಡೋದು ನವೆಂಬರಿಗೆ. ಅಂದ್ರ ಎಪ್ಪತ್ತೆಂಟು ಮನಿ ಆದ್ರೂ ಮತ್ತ ಮಾಡಬೇಕು. ಹದಿನೈದು ದಿನ ಐತಿ."

"ಏನೂ ಮಾಡದ ಕೊಟ್ರ ಯಾರಿಗೂ ಗೊತ್ತಾಗಂಗಿಲ್ಲಲ್ರಿ ಮೇಡಂ."

"ಗೊತ್ತಾಗಂಗಿಲ್ಲ" ಎಂದರು ನಜಮುನ್ನೀಸಾ. ಬೇರೇನೂ ಸೇರಿಸಲಿಲ್ಲ. ಗೀತಾಂಜಲಿಯೇ ಕೇಳಿದಳು: "ಹೊಸಾದು ಮಾಡಿದ್ರ ಹಳೇದನ್ನ ಅಳಸಲೇನು?"

"ಅಳಸಬ್ಯಾಡ. ಹಳೇದು ಹಳೇದಾಗೇ ಇರ್ಲಿ. ಹೊಸಾದಕ್ಕ ಹೊಸ ತಾರೀಖು ಹಾಕಿ ಪಕ್ಕದಾಗ ಇಡು. ಯಾಕ ಅಂತ ಒಂದು ಪುಟ ಬರಿ."

ಕಾಲೇಜು ಮಧ್ಯಾಹ್ನ ಒಂದಕ್ಕೆ ಬಿಡುತ್ತಿತ್ತು. ಎರಡೂವರೆಗೆ ಹಳ್ಳಿ ತಲುಪಿದರೆ ಮನೆಗಳಿಗೆ ಬೀಗ; ಎಲ್ಲರೂ ಈರುಳ್ಳಿ ಹೊಲದಲ್ಲಿ. ಮೂರನೆಯ ದಿನದಿಂದ ಬೆಳಿಗ್ಗೆ ಆರಕ್ಕೇ ಹೊರಟು, ಜನ ಹೊಲಕ್ಕೆ ಹೋಗುವ ಮುನ್ನ ಐದು ಮನೆ, ಸಂಜೆ ಹೊಲದಿಂದ ಬಂದ ಮೇಲೆ ಮೂರು ಮನೆ ಮಾಡತೊಡಗಿದಳು. ಎರಡು ಸಂಜೆ ಮಳೆ ಕಟ್ಟಿಹಾಕಿತು. ಎರಡನೆಯ ಹಳ್ಳಿಯಲ್ಲಿ ಒಬ್ಬ ಮುದುಕ ಬಾಗಿಲಿಗೆ ಅಡ್ಡ ನಿಂತ. "ಹೋದ ಸಲ ಬಂದಿದ್ದೆ ಅಂತೀ. ನಾ ನಿನ್ನ ನೋಡೇ ಇಲ್ಲ."

"ಬಂದಿಲ್ಲ ಅಜ್ಜ. ಬಂದಿಲ್ಲ ಅಂತಾನ ಈಗ ಬಂದೀನಿ."

"ಹಂಗಾರ ಹೋದ ಸಲ ನನ್ನ ಪರವಾಗಿ ಹೇಳಿದವ ಯಾರು? ನನ್ನ ದೆವ್ವೇನು?" ಎಂದ ಮುದುಕ. ಆಮೇಲೆ ಚಾಪೆ ಹಾಸಿ, ನೀರು ಕೊಟ್ಟು, ಕೇಳಿದ್ದಕ್ಕೆಲ್ಲ ಉತ್ತರಿಸಿದ.

ಇಪ್ಪತ್ತೇಳರ ಸಂಜೆಗೆ ತೊಂಬತ್ತೊಂದು ಮನೆ ಮುಗಿದಿದ್ದವು. ಆರುನೂರರ ಗೆರೆ ದಾಟಿತ್ತು. ಉಳಿದ ಇಪ್ಪತ್ತೇಳರಲ್ಲಿ ನಾಲ್ಕು ಮನೆಗಳ ಯಜಮಾನರು ಸಮೀಕ್ಷೆಗೆ ಮೊದಲೇ ತೀರಿಕೊಂಡಿದ್ದರು, ನಾಗಲಿಂಗಮ್ಮನ ಮನೆಯಲ್ಲಿ ಆದಂತೆ. ಆದರೆ ಈ ಮನೆಗಳಲ್ಲಿ ಈಗ ಯಾರೂ ಇರಲಿಲ್ಲ. ಕೆಲವು ಮನೆಯವರು ಬಹಳ ಹಿಂದೆಯೇ ದಾವಣಗೆರೆ ಸೇರಿದ್ದರು. ಒಂದು ಮನೆ ಇದ್ದ ಜಾಗದಲ್ಲಿ ಮೊಬೈಲ್ ಗೋಪುರವಿತ್ತು. ಮಾಸ್ತರ ತಲೆಯಲ್ಲಿದ್ದ ಊರು ಹದಿನೈದು ವರ್ಷ ಹಿಂದಿನದು. ಅದರಲ್ಲಿ ಯಾರೂ ಸತ್ತಿರಲಿಲ್ಲ, ಯಾರೂ ಬಿಟ್ಟು ಹೋಗಿರಲಿಲ್ಲ.

ಅಂಕಿಗಳನ್ನು ಏರಿಸಿದಾಗ ಐದನೆಯ ಅಧ್ಯಾಯ ಬಿದ್ದುಹೋಯಿತು. ಆ ತೊಂಬತ್ತೊಂದು ಮನೆಗಳಲ್ಲಿ ಸದಾ ಘಟಕದ ನೀರನ್ನೇ ಕುಡಿಯುವವು ಹಳೆಯ ನಮೂನೆಯಂತೆ ಎಂಬತ್ತನಾಲ್ಕು. ಹೊಸದರಂತೆ ಮೂವತ್ತೇಳು. ಐದು ತಾಲ್ಲೂಕುಗಳಲ್ಲಿ ಕೊಟ್ಟೂರು ಮೊದಲನೆಯದಲ್ಲ, ನಾಲ್ಕನೆಯದು. ಆಕೆ ಮಾರ್ಗದರ್ಶಕರಿಗೆ ಫೋನಿನಲ್ಲಿ ಹೇಳಿದಳು.

"ಆ ಅಧ್ಯಾಯವೇ ಚೆನ್ನಾಗಿತ್ತು" ಎಂದರು ಅವರು.

"ಹೌದು ಸರ್. ಏನ್ ಮಾಡ್ಲಿ?"

"ಇನ್ನೇನ್ ಮಾಡ್ತೀಯ? ಮತ್ತೆ ಬರಿ. ಮೂವತ್ತನೇ ತಾರೀಖು ಐದು ಗಂಟೆ ಅಂದರೆ ಐದು ಗಂಟೆ. ಐದೂ ಹತ್ತಕ್ಕೆ ಬಂದರೆ ನಾನೇನೂ ಮಾಡಲಾರೆ."

ಇಪ್ಪತ್ತೊಂಬತ್ತರ ಮಧ್ಯಾಹ್ನಕ್ಕೆ ಅಧ್ಯಾಯ ಮುಗಿಯಿತು. ಕೊನೆಯದಾಗಿ ನಜಮುನ್ನೀಸಾ ಹೇಳಿದ್ದ ಆ ಒಂದು ಪುಟ. ಆಕೆ ಅದನ್ನು ಮೂರು ಸಲ ಬರೆದು ಅಳಿಸಿ, ಕೊನೆಗೆ ಹೀಗೆ ನಿಲ್ಲಿಸಿದಳು: "ಕೊಟ್ಟೂರು ತಾಲ್ಲೂಕಿನ 118 ನಮೂನೆಗಳನ್ನು ಒಬ್ಬ ಕ್ಷೇತ್ರ ಸಹಾಯಕರು ಮನೆಗಳಿಗೆ ಭೇಟಿ ನೀಡದೆ ತುಂಬಿದ್ದರಿಂದ ಅವುಗಳನ್ನು ವಿಶ್ಲೇಷಣೆಯಿಂದ ಕೈಬಿಡಲಾಗಿದೆ." ಲ್ಯಾಪ್‌ಟಾಪ್ ಮೇಜಿನ ಮೇಲೆ ತೆರೆದಿಟ್ಟು ಕೈಕಾಲು ತೊಳೆಯಲು ಹಿತ್ತಲಿಗೆ ಹೋದಳು.

ಮರಳಿ ಬಂದಾಗ ಮಾಸ್ತರು ಮೇಜಿನ ಮುಂದೆ ನಿಂತು ಓದುತ್ತಿದ್ದರು. ಆಕೆ ಬಾಗಿಲಲ್ಲೇ ನಿಂತಳು. ತಾಯಿಯೂ ಅಡುಗೆ ಮನೆಯಿಂದ ಹೊರಗೆ ಬಂದಳು.

"ಇಲ್ಲಿ 'ಒಬ್ಬ' ಅಂತ ಐತಲ್ಲ. ಆ ಒಬ್ಬ ಯಾರು?" ಹದಿನಾಲ್ಕು ದಿನಗಳ ಮೇಲೆ ಅವರಾಡಿದ ಮೊದಲ ಮಾತು ಅದು.

"ಹೆಸರು ಹಾಕೋದು ಬೇಕಾಗಿಲ್ಲ ಚಿಕ್ಕಪ್ಪ. ಯಾರೂ ಕೇಳಂಗಿಲ್ಲ."

"ಜೋಡಿಹುಣಸಿಯವರು ಕೇಳ್ತಾರ. ಓಬಳೇಶನ ಮ್ಯಾಲೆ ಹಾಕ್ತಾರ. ಕಟ್ಟಿ ಹತ್ರ ಓಡಾಡಿದವ ಅವ. ಅವ ಚಾ ತಂದು ಕೊಟ್ಟವ ಅಷ್ಟ." ಅವರು ಕುರ್ಚಿಯನ್ನು ಆಕೆಯತ್ತ ಸರಿಸಿದರು. "ನನ್ನ ಹೆಸರು ಹಾಕು."

"ಬ್ಯಾಡ್ರಿ" ಎಂದಳು ತಾಯಿ. "ಮನಿ ಮರ್ಯಾದಿ ಪ್ರಶ್ನೆ. ಅದು ಪುಸ್ತಕ ಆಗ್ತೈತಿ, ಮಂದಿ ಓದ್ತಾರ."

"ಮರ್ಯಾದಿ ಹೋಗಿದ್ದು ಹೋದ ವರ್ಷ, ಅತ್ತಿಗೆ. ಈಗ ಅದನ್ನ ಬರಿಯೋದಷ್ಟ ಉಳದೈತಿ." ಮತ್ತೆ ಗೀತಾಂಜಲಿಗೆ: "ಪೂರ್ತಿ ಹಾಕು. ನಿವೃತ್ತ ಮುಖ್ಯೋಪಾಧ್ಯಾಯ ಅನ್ನೋದನ್ನೂ ಹಾಕು. ಬಿಡಬ್ಯಾಡ."

ಗೀತಾಂಜಲಿ ಕುಳಿತಳು. 'ಒಬ್ಬ ಕ್ಷೇತ್ರ ಸಹಾಯಕರು' ಎಂಬುದನ್ನು ಅಳಿಸಿ, ಆ ಜಾಗದಲ್ಲಿ ಅವರ ಹೆಸರನ್ನೂ ಹುದ್ದೆಯನ್ನೂ ಟೈಪ್ ಮಾಡಿದಳು. ಅವರು ಹಿಂದೆ ನಿಂತು ನೋಡುತ್ತಿದ್ದರು. ಮುಗಿದ ಮೇಲೆ ಇಡೀ ವಾಕ್ಯವನ್ನು ತುಟಿ ಅಲುಗಿಸುತ್ತಾ ಮೊದಲಿನಿಂದ ಓದಿದರು.

"ಭೇಟಿ ನೀಡದೆ," ಎಂದರು. "ಸರಿ ಐತಿ." ಅಷ್ಟು ಹೇಳಿ ತಮ್ಮ ಕೋಣೆಗೆ ಹೋದರು.

ಮರುದಿನ ಹೊಸಪೇಟೆಯಲ್ಲಿ ಐದು ಪ್ರತಿ ಮುದ್ರಿಸಿ, ರಟ್ಟು ಕಟ್ಟಿಸಿ, ಸಂಜೆ ನಾಲ್ಕೂ ಇಪ್ಪತ್ತಕ್ಕೆ ಗೀತಾಂಜಲಿ ಪ್ರಬಂಧವನ್ನು ವಿಭಾಗದ ಮೇಜಿನ ಮೇಲಿಟ್ಟಳು. ಗುಮಾಸ್ತ ಪುಟ ಎಣಿಸುತ್ತಾ ಕೊನೆಯ ಹಾಳೆಯಲ್ಲಿ ನಿಂತು, ಓದಿ, ತಲೆಯೆತ್ತಿ ಕೇಳಿದ: "ಇದನ್ನ ಯಾರೂ ಹಾಕಂಗಿಲ್ಲಲ್ರಿ. ತೆಗೀತೀರೇನು? ಇನ್ನೂ ನಲವತ್ತು ನಿಮಿಷ ಐತಿ."

"ಇಲ್ಲರಿ. ಇರ್ಲಿ" ಎಂದಳು ಗೀತಾಂಜಲಿ.

ಅವನು ಮೊಹರು ಒತ್ತಿ, ಸ್ವೀಕೃತಿ ಚೀಟಿ ಹರಿದು ಕೊಟ್ಟ.